ಇಡಿಸಿ ಬಾಟಲಿಗೆ ಕೈ ಹಾಕುವ ಮುನ್ನ: ವಿಐ–ಟಿಟಿ ಜೋಡಣೆಯ ದೋಷ ನಿವಾರಣೆ

ಲಕ್ಷಣ ಹೀಗಿರುತ್ತದೆ. ಟೈಫಾಯ್ಡ್ ಬ್ಯಾಕ್ಟೀರಿಯಾದ ಹೊರಕವಚದ ಸಕ್ಕರೆ ಸರಪಳಿಯನ್ನು, ಅಂದರೆ ವಿಐ ಪಾಲಿಸ್ಯಾಕರೈಡನ್ನು, ಟೆಟನಸ್ ಟಾಕ್ಸಾಯ್ಡ್ (ಟಿಟಿ, ಅಂದರೆ ವಿಷ ತೆಗೆದ ಟೆಟನಸ್ ಪ್ರೋಟೀನ್) ಜೊತೆ ಸೇರಿಸಿದ್ದೀರಿ. ಟಾಕ್ಸಾಯ್ಡ್ ಮೇಲೆ ಎಡಿಎಚ್ ಎಂಬ ಕೊಂಡಿ ಅಣುವನ್ನು (ಅಡಿಪಿಕ್ ಆಸಿಡ್ ಡೈಹೈಡ್ರಜೈಡ್) ಕೂರಿಸುವ ಕೆಲಸ ಮೊದಲೇ ಮುಗಿದಿದೆ. ಎರಡನ್ನೂ ಬೆಸೆಯುವ ರಾಸಾಯನಿಕವಾದ ಇಡಿಸಿ (ಒಂದು ಕಾರ್ಬೊಡೈಇಮೈಡ್) ಹಾಕಿದ್ದೀರಿ, ಕಾದಿದ್ದೀರಿ, ಸ್ಯಾಂಪಲ್ಲನ್ನು ಗಾತ್ರದ ಪ್ರಕಾರ ಬೇರ್ಪಡಿಸುವ (ದೊಡ್ಡದು ಮೊದಲು ಹೊರಬರುವ) ಕಾಲಮ್ಮಿಗೆ ಬಿಟ್ಟಿದ್ದೀರಿ. ನೋಡಿದರೆ ಪ್ರೋಟೀನ್ ಪೀಕ್ ಇದ್ದಲ್ಲೇ ಇದೆ. ಇಲ್ಲವೇ ಪೀಕ್ ಸರಿದಿದೆ, ಆದರೆ ಸಕ್ಕರೆಯಲ್ಲಿ ಮುಕ್ಕಾಲು ಪಾಲು ಇನ್ನೂ ಬಿಡಿಯಾಗಿಯೇ ಓಡಾಡುತ್ತಿದೆ. ಇಲ್ಲವೇ ಟ್ಯೂಬಿನಲ್ಲಿ ಎಲ್ಲವೂ ಜೆಲ್ ಆಗಿ ಕೂತಿದೆ.

ಇಂಥ ಹೊತ್ತಿನಲ್ಲಿ ಎಲ್ಲರ ಕೈಯೂ ಮೊದಲು ಹೋಗುವುದು ಇಡಿಸಿ ಬಾಟಲಿಗೆ. "ಇನ್ನೊಂಚೂರು ಜಾಸ್ತಿ ಹಾಕಿ ನೋಡೋಣ, ಅಲ್ವಾ?" ಬೇಡ. ನಾನು ಕಂಡ ಮಟ್ಟಿಗೆ ತಪ್ಪು ಇಡಿಸಿಯದ್ದಾಗಿರುವುದು ಕಡಿಮೆ. ಒಂದೋ ಸರಿಯಾಗಿ ತೊಳೆಯದೆ ಉಳಿದ ಎಡಿಎಚ್, ಇಲ್ಲವೇ ಸುಳ್ಳು ಹೇಳುತ್ತಿರುವ ಅಳತೆ. ಇಡಿಸಿ ಜಾಸ್ತಿ ಮಾಡಿದರೆ ಇವೆರಡೂ ವಾಸಿಯಾಗುವುದಿಲ್ಲ, ಜೊತೆಗೆ ಮೂರನೆಯ ತೊಂದರೆಯೊಂದು ಹುಟ್ಟಿಕೊಳ್ಳುತ್ತದೆ.

ಹೊಸಬರಿಗಾಗಿ ಹಿನ್ನೆಲೆ ನಾಲ್ಕು ಮಾತಿನಲ್ಲಿ. ಬರೀ ಸಕ್ಕರೆಯ ಲಸಿಕೆ ಎರಡು ವರ್ಷದೊಳಗಿನ ಮಕ್ಕಳಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೆ ಟಿ ಕೋಶಗಳ ನೆರವು ಸಿಗುವುದಿಲ್ಲ, ದೇಹದಲ್ಲಿ ನೆನಪೂ ಉಳಿಯುವುದಿಲ್ಲ. ಅದೇ ಸಕ್ಕರೆಯನ್ನು ಪ್ರೋಟೀನಿಗೆ ಕಟ್ಟಿದರೆ ಆ ನೆರವು ಸಿಗುತ್ತದೆ. 1931ರಲ್ಲಿ ಏವರಿ ಮತ್ತು ಗೋಬಲ್ ನ್ಯುಮೋಕಾಕಸ್‌ನ ಸಕ್ಕರೆಯನ್ನು ಕುದುರೆಯ ಸೀರಮ್ ಪ್ರೋಟೀನಿಗೆ ಕಟ್ಟಿ ಮೊಲಗಳಲ್ಲಿ ತೋರಿಸಿದ್ದು ಇದನ್ನೇ. ವಿಐ ವಿಷಯದಲ್ಲಿ ದೊಡ್ಡ ಸಾಕ್ಷಿ ಸಿಕ್ಕಿದ್ದು 2001ರಲ್ಲಿ. ವಿಯೆಟ್ನಾಂನಲ್ಲಿ 2ರಿಂದ 5 ವರ್ಷದ ಮಕ್ಕಳಿಗೆ ಇಂಥ ಜೋಡಣೆಯ ಲಸಿಕೆ ಕೊಟ್ಟಾಗ 91.5% ರಕ್ಷಣೆ ಕಂಡುಬಂತು. ಈಗ ಹೈದರಾಬಾದಿನಲ್ಲೇ ಎರಡು ಕಂಪನಿಗಳು ಇದನ್ನು ಮಾಡುತ್ತವೆ. ಭಾರತ್ ಬಯೋಟೆಕ್ ಟೆಟನಸ್ ಟಾಕ್ಸಾಯ್ಡ್ ಬಳಸಿದರೆ, ಬಯಲಾಜಿಕಲ್ ಇ ಸಿಆರ್‌ಎಂ197 (ವಿಷವಿಲ್ಲದ ಡಿಫ್ತೀರಿಯಾ ಪ್ರೋಟೀನ್) ಬಳಸುತ್ತದೆ. ಎರಡರಲ್ಲೂ ಒಂದು ಡೋಸಿಗೆ 25 ಮೈಕ್ರೋಗ್ರಾಂ ವಿಐ. ಇಲ್ಲಿ ನಾನು ಹೇಳುತ್ತಿರುವುದು ಸಂಶೋಧನಾ ಲ್ಯಾಬಿನಲ್ಲಿ, ಕೆಲವೇ ಮಿಲಿಗ್ರಾಂ ಅಳತೆಯಲ್ಲಿ, ಎಡಿಎಚ್ ಮತ್ತು ಇಡಿಸಿ ಹಾದಿಯಲ್ಲಿ ಮಾಡುವ ಜೋಡಣೆಯ ಬಗ್ಗೆ.

ಹಾದಿಯೇ ತಪ್ಪಿದೆಯೇ?

ಇದನ್ನು ಮೊದಲೇ ಕೇಳಿಬಿಡಿ. ಯಾಕೆಂದರೆ ಹೌದು ಅಂತಾದರೆ ಮುಂದಿನದು ಯಾವುದೂ ಬೇಕಾಗಿಲ್ಲ. ನ್ಯುಮೋಕಾಕಸ್‌ಗೆ ಚೆನ್ನಾಗಿ ನಡೆದ ಪರ್‌ಅಯೋಡೇಟ್ ವಿಧಾನವನ್ನೋ ಸಿಡ್ಯಾಪ್ ವಿಧಾನವನ್ನೋ ಹಾಗೇ ಎತ್ತಿ ವಿಐಗೆ ಹಾಕುವವರಿದ್ದಾರೆ. ಪರ್‌ಅಯೋಡೇಟ್‌ಗೆ ಅಕ್ಕಪಕ್ಕ ಎರಡು ಹೈಡ್ರಾಕ್ಸಿಲ್ ಬೇಕು. ಸಿಡ್ಯಾಪ್‌ಗೆ ಒಂದಾದರೂ ಬೇಕು. ವಿಐ ಘಟಕವನ್ನು ಬರೆದು ನೋಡಿ: ಎರಡನೇ ಕಾರ್ಬನ್ನಿನಲ್ಲಿ ಎನ್-ಅಸಿಟೈಲ್, ಮೂರರಲ್ಲಿ ಓ-ಅಸಿಟೈಲ್, ನಾಲ್ಕರಲ್ಲಿ ಮುಂದಿನ ಘಟಕದ ಕೊಂಡಿ, ಆರರಲ್ಲಿ ಕಾರ್ಬಾಕ್ಸಿಲ್. ಖಾಲಿ ಹೈಡ್ರಾಕ್ಸಿಲ್ ಎಲ್ಲಿದೆ? ಅಸಿಟೈಲ್ ಉದುರಿದ ಕಡೆ ಬಿಟ್ಟರೆ ಎಲ್ಲೂ ಇಲ್ಲ. ಇರುವುದು ಸಾಲುಸಾಲು ಕಾರ್ಬಾಕ್ಸಿಲ್ ಮಾತ್ರ. ಅದಕ್ಕೇ ವಿಐಗೆ ಕಾರ್ಬಾಕ್ಸಿಲ್ ಮೂಲಕವೇ ಹೋಗುವುದು, ಅದಕ್ಕೇ ಇಡಿಸಿ.

ನಾಲ್ಕು ಸಣ್ಣ ಟ್ಯೂಬ್

ದೊಡ್ಡ ಬ್ಯಾಚನ್ನು ಮತ್ತೆ ಮಾಡಬೇಡಿ. ಅರ್ಧ ಮಿಲಿಗ್ರಾಂ ಪ್ರೋಟೀನಿನಲ್ಲಿ ನಾಲ್ಕು ಟ್ಯೂಬ್ ಇಡಿ. ಒಂದನೆಯದರಲ್ಲಿ ಎಲ್ಲವೂ ಇರಲಿ. ಎರಡನೆಯದರಲ್ಲಿ ಇಡಿಸಿ ಮಾತ್ರ ಇಲ್ಲ. ಮೂರನೆಯದರಲ್ಲಿ ವಿಐ ಮಾತ್ರ ಇಲ್ಲ. ನಾಲ್ಕನೆಯದರಲ್ಲಿ ಎಡಿಎಚ್ ಕೂರಿಸದ ಸಾದಾ ಟಿಟಿ, ಉಳಿದಂತೆ ಎಲ್ಲವೂ ಉಂಟು. ನಾಲ್ಕನ್ನೂ ಒಂದೇ ದಿನ, ಒಂದೇ ಕಾಲಮ್ಮಿನಲ್ಲಿ ಓಡಿಸಿ. ಪಕ್ಕದಲ್ಲೇ ಎಸ್‌ಡಿಎಸ್ ಜೆಲ್‌ನಲ್ಲೂ ಹಾಕಿ.

ಎರಡನೆಯ ಟ್ಯೂಬಿನಲ್ಲಿ, ಅಂದರೆ ಇಡಿಸಿಯೇ ಇಲ್ಲದ ಕಡೆ, ಪ್ರೋಟೀನ್ ಪೀಕ್ ಮುಂದಕ್ಕೆ ಸರಿದಿದ್ದರೆ ಅದು ಜೋಡಣೆಯಲ್ಲ. ವಿಐಗೆ ಮೈತುಂಬ ಋಣ ವಿದ್ಯುದಂಶ. ಟಿಟಿಯ ಕಾರ್ಬಾಕ್ಸಿಲ್‌ಗಳಿಗೆ ಎಡಿಎಚ್ ಕೂರಿಸಿದಾಗ ಅದರ ಋಣ ಅಂಶ ಕಡಿಮೆಯಾಗಿ ಧನದ ಕಡೆಗೆ ವಾಲುತ್ತದೆ. ಪಿಎಚ್ 5.5ರಲ್ಲಿ ಇವೆರಡು ಭೇಟಿಯಾದರೆ ಸುಮ್ನೆ ಅಂಟಿಕೊಳ್ಳುತ್ತವೆ. ಕಾಲಮ್ಮಿನ ಬಫರ್‌ನಲ್ಲಿ ಉಪ್ಪು ಕಡಿಮೆ ಇದ್ದರೆ ಅಂಟಿಕೊಂಡೇ ಹೊರಬರುತ್ತವೆ. ಪಿಎಚ್ 7ರ ಆಸುಪಾಸಿನ ಫಾಸ್ಫೇಟ್‌ಗೆ 0.2 ಮೋಲಾರ್ ಉಪ್ಪು ಹಾಕಿ ಮತ್ತೆ ಓಡಿಸಿ. ಎಸ್‌ಡಿಎಸ್ ಜೆಲ್ ಇನ್ನೂ ನೇರವಾಗಿ ಹೇಳುತ್ತದೆ. ಬರೀ ಅಂಟಿಕೊಂಡಿದ್ದರೆ ಎಸ್‌ಡಿಎಸ್ ಅದನ್ನು ಬಿಡಿಸುತ್ತದೆ, ಟಿಟಿ ತನ್ನ 150 ಕಿಲೋಡಾಲ್ಟನ್ ಜಾಗದಲ್ಲಿ ಕಾಣುತ್ತದೆ. ನಿಜವಾಗಿ ಕೂಡಿದ್ದು ಜೆಲ್ಲಿನಲ್ಲಿ ಸ್ಯಾಂಪಲ್ ಹಾಕುವ ಬಾವಿಯ ಬಾಯಲ್ಲೇ ಮಸಿ ಬಳಿದಂತೆ ನಿಲ್ಲುತ್ತದೆ.

ಮೂರನೆಯದರಲ್ಲಿ, ಸಕ್ಕರೆಯೇ ಇಲ್ಲದ ಕಡೆ, ಪೀಕ್ ಸರಿದಿದ್ದರೆ ಪ್ರೋಟೀನ್ ತನಗೆ ತಾನೇ ಕಟ್ಟಿಕೊಳ್ಳುತ್ತಿದೆ. ಹಾಗಾದರೆ ಒಂದನೆಯ ಟ್ಯೂಬಿನ ಸುಂದರವಾದ ಪೀಕ್‌ನಲ್ಲಿ ಎಷ್ಟು ಭಾಗ ಲಸಿಕೆ, ಎಷ್ಟು ಭಾಗ ಬರೀ ಟಿಟಿ ಗಂಟು ಅಂತ ಹೇಳುವುದಕ್ಕೆ ಆಗುವುದಿಲ್ಲ. ಪ್ರೋಟೀನ್ ಬೆಳಕು ಹೀರುವ 280 ನ್ಯಾನೋಮೀಟರ್‌ನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಬರೀ 280 ತೋರಿಸಿ "ಕಂಜುಗೇಟ್ ಆಗಿದೆ" (ಅಂದರೆ ಸಕ್ಕರೆ ಪ್ರೋಟೀನಿಗೆ ಕೂಡಿದೆ) ಅನ್ನುವ ರಿಪೋರ್ಟ್‌ಗಳನ್ನು ನಾನು ನಂಬುವುದಿಲ್ಲ.

ನಾಲ್ಕನೆಯದು ಎಡಿಎಚ್ ಕೂತಿದೆಯೋ ಇಲ್ಲವೋ ಹೇಳುತ್ತದೆ. ಪಿಎಚ್ 5.5ರಲ್ಲಿ ಲೈಸಿನ್‌ನ ಅಮೈನ್‌ಗಳು ಪ್ರೋಟಾನ್ ಹೊತ್ತುಕೊಂಡು ಹೆಚ್ಚುಕಡಿಮೆ ನಿದ್ದೆಯಲ್ಲಿರುತ್ತವೆ. ಅದೂ ಅಲ್ಲದೆ ಟಾಕ್ಸಾಯ್ಡ್ ಮಾಡುವಾಗ ಹಾಕಿದ ಫಾರ್ಮಾಲ್ಡಿಹೈಡ್ ಎಷ್ಟೋ ಲೈಸಿನ್‌ಗಳನ್ನು ಆಗಲೇ ತಿಂದಿರುತ್ತದೆ. ಹೈಡ್ರಜೈಡ್ ಆ ಪಿಎಚ್‌ನಲ್ಲೂ ಎಚ್ಚರವಾಗಿರುತ್ತದೆ. ಹಾಗಾಗಿ ಸಾದಾ ಟಿಟಿ ತೀರ ನಿಧಾನವಾಗಿ, ಎಡಿಎಚ್ ಇರುವ ಟಿಟಿ ಬೇಗ ಕೂಡಬೇಕು. ಎರಡೂ ಒಂದೇ ಥರ ಇದ್ದರೆ ಸಮಸ್ಯೆ ಇವತ್ತಿನ ಹಂತದಲ್ಲಿಲ್ಲ, ಮೊನ್ನೆಯ ಹಂತದಲ್ಲಿದೆ.

ಮಂಜು ಯಾವಾಗ ಬಂತು?

ಇದು ಪುಕ್ಕಟೆ ಸಿಗುವ ಸುಳಿವು, ಆದರೂ ಯಾರೂ ನೋಟ್‌ಬುಕ್ಕಿನಲ್ಲಿ ಬರೆಯುವುದಿಲ್ಲ. ಟ್ಯೂಬನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ. ವಿಐ ಮತ್ತು ಟಿಟಿ ಬೆರೆಸಿದ ಕೂಡಲೇ, ಇಡಿಸಿ ಹಾಕುವ ಮೊದಲೇ, ದ್ರಾವಣ ಹಾಲುಬಿಳುಪಾದರೆ ಅದು ಮೇಲೆ ಹೇಳಿದ ವಿದ್ಯುದಂಶದ ಅಂಟು. ಒಂದು ಹನಿ ಗಟ್ಟಿ ಉಪ್ಪುನೀರು ಹಾಕಿ. ತಿಳಿಯಾದರೆ ಉತ್ತರ ಸಿಕ್ಕಿತು. ಮುಂದಿನ ಸಲ ಉಪ್ಪಿನ ಜೊತೆಯಲ್ಲೇ ಬೆರೆಸಿ. ಜೊತೆಗೆ ಟಿಟಿ ಮೇಲೆ ಎಡಿಎಚ್ ಅತಿಯಾಗಿ ಕೂತಿದೆಯಾ ಅಂತಲೂ ನೋಡಿ, ಎಡಿಎಚ್ ಜಾಸ್ತಿ ಆದಷ್ಟೂ ಈ ಅಂಟು ಜಾಸ್ತಿ.

ಇಡಿಸಿ ಹಾಕಿದ ಮೇಲೆ, ನಿಧಾನಕ್ಕೆ ಮಂಜು ಕವಿದು ಆಮೇಲೆ ದ್ರಾವಣ ದಪ್ಪಗಾದರೆ ಅದು ಬೇರೆ ಕಥೆ. ಉಪ್ಪು ಹಾಕಿದರೆ ಹೋಗುವುದಿಲ್ಲ. ಅದರ ಬಗ್ಗೆ ಕೆಳಗೆ ಜೆಲ್ ಭಾಗದಲ್ಲಿ ಹೇಳುತ್ತೇನೆ.

ಉಳಿದುಕೊಂಡ ಎಡಿಎಚ್

ನನ್ನ ಪ್ರಕಾರ ಬಹುಪಾಲು ಕೆಟ್ಟ ಬ್ಯಾಚ್‌ಗಳ ಮೂಲ ಇಲ್ಲೇ ಇದೆ. ಹಾಗಾಗಿ ಸ್ವಲ್ಪ ಹೊತ್ತು ಇಲ್ಲಿ ನಿಲ್ಲೋಣ.

ಎಡಿಎಚ್ ಅಣುವಿಗೆ ಎರಡೂ ತುದಿಯಲ್ಲಿ ಹೈಡ್ರಜೈಡ್. ಒಂದು ತುದಿ ಟಿಟಿಗೆ, ಇನ್ನೊಂದು ವಿಐಗೆ. ಟಿಟಿಗೆ ಕೂರಿಸುವಾಗ ಅದನ್ನು ಬೇಕೆಂದೇ ಭಾರೀ ಹೆಚ್ಚುವರಿಯಾಗಿ ಹಾಕುತ್ತೇವೆ. ಕಡಿಮೆ ಹಾಕಿದರೆ ಒಂದೇ ಎಡಿಎಚ್ ಎರಡು ಟಿಟಿಗಳನ್ನು ಹಿಡಿದುಕೊಂಡು ಗಂಟು ಹಾಕುತ್ತದೆ. ಆ ಹೆಚ್ಚುವರಿಯನ್ನು ಆಮೇಲೆ ಪೂರ್ತಿ ತೊಳೆಯಬೇಕು. "ಪೂರ್ತಿ" ಅಂದರೆ ಎಷ್ಟು?

ಲೆಕ್ಕ ಹಾಕಿ. ಒಂದು ಎಂಎಲ್‌ನಲ್ಲಿ 5 ಮಿಲಿಗ್ರಾಂ ಟಿಟಿ ಇದ್ದರೆ, ಅಣುತೂಕ 1,50,000ದಂತೆ ಅದು ಸುಮಾರು 33 ನ್ಯಾನೋಮೋಲ್. ಒಂದೊಂದರ ಮೇಲೆ 10 ಎಡಿಎಚ್ ಕೂತಿದೆ ಅಂದುಕೊಳ್ಳಿ. ಪ್ರೋಟೀನ್ ಮೇಲಿನ ಒಟ್ಟು ಹೈಡ್ರಜೈಡ್ 0.33 ಮೈಕ್ರೋಮೋಲ್. ಕೂರಿಸುವಾಗ ಎಡಿಎಚ್ 0.3 ಮೋಲಾರ್ ಇದ್ದರೆ, ಅದೇ ಒಂದು ಎಂಎಲ್‌ನಲ್ಲಿ 300 ಮೈಕ್ರೋಮೋಲ್. ಅದರಲ್ಲಿ 99.9% ತೊಳೆದು ಹಾಕಿದಿರಿ. ಉಳಿದದ್ದು 0.3 ಮೈಕ್ರೋಮೋಲ್. ತಲಾ ಎರಡು ತುದಿ, ಅಂದರೆ 0.6. ಪ್ರೋಟೀನ್ ಮೇಲಿರುವುದಕ್ಕಿಂತ ಹತ್ತಿರ ಹತ್ತಿರ ಎರಡರಷ್ಟು! ಸಾವಿರದಲ್ಲಿ ಒಂದು ಪಾಲು ಉಳಿದರೇ ಈ ಪಾಡು. ಮೇಲಾಗಿ ಎಡಿಎಚ್ ಪುಟಾಣಿ ಅಣು, ಟಿಟಿಗಿಂತ ಬೇಗ ಓಡಾಡುತ್ತದೆ. ಇಡಿಸಿ ಚುರುಕುಗೊಳಿಸಿದ ಕಾರ್ಬಾಕ್ಸಿಲ್ ಕಂಡ ಕೂಡಲೇ ಮೊದಲು ಹೋಗಿ ಕೂರುವುದು ಅದೇ. ಕೆಲವು ಸಲ ಎರಡು ವಿಐ ಸರಪಳಿಗಳನ್ನೇ ಒಂದಕ್ಕೊಂದು ಕಟ್ಟಿಬಿಡುತ್ತದೆ.

ಇದು ಕಣ್ಣಿಗೆ ಬೀಳದಿರುವುದಕ್ಕೆ ಕಾರಣ ಟಿಎನ್‌ಬಿಎಸ್ ಪರೀಕ್ಷೆ. ಹೈಡ್ರಜೈಡ್ ಎಷ್ಟಿದೆ ಅಂತ ನೋಡುವುದಕ್ಕೆ ಎಲ್ಲರೂ ಅದನ್ನೇ ಮಾಡುತ್ತಾರೆ. ಹಳದಿ ಬಂದರೆ ಅಮೈನ್, ಕೆಂಪಿನ ಕಡೆ ತಿರುಗಿದ ಕಿತ್ತಳೆ ಬಂದರೆ ಹೈಡ್ರಜೈಡ್. ಆದರೆ ಬಿಡಿ ಎಡಿಎಚ್ ಕೂಡ ಅದೇ ಬಣ್ಣ ಕೊಡುತ್ತದೆ. "ಒಂದು ಟಿಟಿಗೆ 30 ಎಡಿಎಚ್ ಕೂತಿದೆ" ಅಂತ ಖುಷಿಪಡುವ ಎಷ್ಟೋ ಬ್ಯಾಚ್‌ಗಳಲ್ಲಿ ಅರ್ಧಕ್ಕರ್ಧ ದ್ರಾವಣದಲ್ಲಿ ಈಜುತ್ತಿರುತ್ತದೆ. ಎಡಿಎಚ್ ಎಷ್ಟು ಚೆನ್ನಾಗಿ ಕೂತಿದೆ ಅಂತ ಕಾಣುತ್ತದೋ ಜೋಡಣೆ ಅಷ್ಟು ಕೆಟ್ಟದಾಗಿ ಬರುತ್ತಿದ್ದರೆ, ಅನುಮಾನವೇ ಬೇಡ, ಇದೇ.

ಪತ್ತೆ ಹಚ್ಚುವುದು ಸುಲಭ. ಟಿಟಿ-ಎಡಿಎಚ್ ದ್ರಾವಣದ 200 ಮೈಕ್ರೋಲೀಟರ್ ತೆಗೆದು 10 ಕಿಲೋಡಾಲ್ಟನ್ ಸ್ಪಿನ್ ಫಿಲ್ಟರ್‌ಗೆ ಹಾಕಿ ತಿರುಗಿಸಿ. ಕೆಳಗೆ ಇಳಿದ ನೀರಿಗೆ ಟಿಎನ್‌ಬಿಎಸ್ ಹಾಕಿ. ಪಕ್ಕದಲ್ಲಿ ಬರೀ ಬಫರ್‌ಗೂ ಹಾಕಿ. ಟಿಟಿ ಫಿಲ್ಟರ್ ಮೇಲೆಯೇ ಉಳಿಯುತ್ತದೆ, ಹಾಗಾಗಿ ಕೆಳಗಿನ ನೀರು ಬಫರ್‌ನಷ್ಟೇ ಬಣ್ಣಗೇಡಿಯಾಗಿರಬೇಕು. ಕಿತ್ತಳೆ ಬಂತೋ, ಎಡಿಎಚ್ ಉಳಿದಿದೆ. ಅಂದ ಹಾಗೆ, ಟಿಎನ್‌ಬಿಎಸ್ ಒಣಗಿದರೆ ಸ್ಫೋಟಕ. ಬಾಟಲಿಯ ಬಾಯಲ್ಲಿ ಹರಳು ಕಟ್ಟಲು ಬಿಡಬೇಡಿ.

ತೊಳೆಯುವುದು ಹೇಗೆ? ಡಯಾಲಿಸಿಸ್ ಆದರೆ ನೂರು ಪಟ್ಟು ಬಫರ್‌ಗೆ ಒಂದು ಸಲ ಇಟ್ಟರೆ 1% ಉಳಿಯುತ್ತದೆ, ಎರಡು ಸಲಕ್ಕೆ 0.01%, ಮೂರು ಸಲಕ್ಕೆ 0.0001%. ಮೇಲಿನ ಲೆಕ್ಕಕ್ಕೆ ಹೋಲಿಸಿದರೆ ಎರಡು ಸಲ ಸಾಲದು, ಮೂರು ಬೇಕೇ ಬೇಕು, ಅದೂ ಪ್ರತಿ ಸಲ ಸಮತೋಲನಕ್ಕೆ ಸಾಕಷ್ಟು ಹೊತ್ತು ಬಿಟ್ಟರೆ. ಡೀಸಾಲ್ಟಿಂಗ್ ಕಾಲಮ್ ಆದರೆ ಸ್ಯಾಂಪಲ್ಲು ಬೆಡ್‌ನ 30% ಮೀರಬಾರದು. ಸಮಯ ಉಳಿಸಲು ತುಂಬಿಸಿ ಹಾಕಿದರೆ ಎಡಿಎಚ್‌ನ ಬಾಲ ಪ್ರೋಟೀನ್ ಜೊತೆಗೇ ಬಂದುಬಿಡುತ್ತದೆ. ಕೊನೆಯ ಬಾರಿ ನೇರವಾಗಿ ಜೋಡಣೆಯ ಬಫರ್‌ಗೇ ತೊಳೆಯಿರಿ.

ಟಿಟಿ ಬದಲು ಸಿಆರ್‌ಎಂ197 ಬಳಸುವವರಿಗೆ ಒಂದು ಅನುಕೂಲ ಇದೆ. ಅದು 58.4 ಕಿಲೋಡಾಲ್ಟನ್, ಅಣುತೂಕ ಅಳೆಯುವ ಮ್ಯಾಲ್ಡಿ ಯಂತ್ರದಲ್ಲಿ ಪೀಕ್ ಸಾಕಷ್ಟು ಚೂಪಾಗಿ ಬರುತ್ತದೆ. ಒಂದೊಂದು ಎಡಿಎಚ್ ಕೂತಾಗ ತೂಕ 156 ಡಾಲ್ಟನ್ ಏರುತ್ತದೆ. ಏರಿಕೆ 936 ಇದ್ದರೆ ಆರು ಕೂತಿದೆ. ಬಿಡಿ ಎಡಿಎಚ್ ಇಲ್ಲಿ ಮೋಸ ಮಾಡಲಾರದು. ಟಿಟಿಯ ಪೀಕ್ ಅಗಲ ಜಾಸ್ತಿ, ಅಲ್ಲಿ ಈ ಉಪಾಯ ಅಷ್ಟು ನಡೆಯುವುದಿಲ್ಲ.

ಅಳತೆಗಳು ಹೇಳುವ ಸುಳ್ಳು

ಸಕ್ಕರೆ ಅಳೆಯುವ ಫೀನಾಲ್–ಸಲ್ಫ್ಯೂರಿಕ್ ಪರೀಕ್ಷೆ ಮಾಡಿ "ಕಂಜುಗೇಟ್‌ನಲ್ಲಿ ಸಕ್ಕರೆಯೇ ಇಲ್ಲ" ಅಂತ ಗಾಬರಿಯಾದವರಿಗೆ: ವಿಐ ಆ ಪರೀಕ್ಷೆಯಲ್ಲಿ ಸರಿಯಾಗಿ ಬಣ್ಣ ಕೊಡುವುದೇ ಇಲ್ಲ. ಅದು ಆಮ್ಲಕ್ಕೆ ಸುಲಭವಾಗಿ ಒಡೆಯದ ಅಮೈನೋ ಯುರೋನಿಕ್ ಆಮ್ಲದ ಸರಪಳಿ. ಶುದ್ಧ ವಿಐಯನ್ನೇ ಹಾಕಿ ನೋಡಿ, ಅದೂ ಪೇಲವ. ವಿಐಗೆ ನಂಬುವಂಥದ್ದು ಗಟ್ಟಿ ಕ್ಷಾರದಲ್ಲಿ ಒಡೆದು ಎಚ್‌ಪಿಎಇಸಿ-ಪ್ಯಾಡ್ ಎಂಬ ಕ್ರೊಮ್ಯಾಟೋಗ್ರಫಿಯಲ್ಲಿ ನೋಡುವುದು. ಸ್ಟ್ಯಾಂಡರ್ಡ್ ಬೇಕಿದ್ದರೆ ಇಂಗ್ಲೆಂಡಿನ ಜೈವಿಕ ಮಾನಕಗಳ ಸಂಸ್ಥೆಯಾದ ಎನ್‌ಐಬಿಎಸ್‌ಸಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ವಿಐ ಮಾದರಿಗಳಿವೆ. 16/126 ಸಾಲ್ಮೊನೆಲ್ಲಾ ಟೈಫಿಯದ್ದು, 12/244 ಸಿಟ್ರೋಬ್ಯಾಕ್ಟರ್‌ನದ್ದು. ನಿಮ್ಮ ವಿಐ ಯಾವುದರಿಂದ ಬಂದಿದೆಯೋ ಅದನ್ನೇ ತರಿಸಿ.

ಪ್ರೋಟೀನ್ ಕಡೆ ಬಿಸಿಎ ಪರೀಕ್ಷೆ ಜಾಸ್ತಿ ತೋರಿಸುತ್ತದೆ. ಬಿಸಿಎ ನಿಂತಿರುವುದೇ ತಾಮ್ರವನ್ನು ಇಳಿಸುವ ಗುಣದ ಮೇಲೆ. ಹೈಡ್ರಜೈಡ್ ಕೂಡ ತಾಮ್ರವನ್ನು ಇಳಿಸುತ್ತದೆ. ಎಡಿಎಚ್ ಉಳಿದಿದ್ದರಂತೂ ಕೇಳುವುದೇ ಬೇಡ. ಪ್ರೋಟೀನ್ ಜಾಸ್ತಿ ಇದೆ ಅಂತ ನಂಬಿ ಕಡಿಮೆ ಹಾಕುತ್ತೀರಿ, ಆಮೇಲೆ ಸಕ್ಕರೆ ಬಿಡಿಯಾಗಿ ಉಳಿಯಿತು ಅಂತ ಕೊರಗುತ್ತೀರಿ. 280ರ ಓದಿನ ಜೊತೆ ತಾಳೆ ನೋಡಿ. ಎರಡರ ನಡುವೆ ದೊಡ್ಡ ಅಂತರ ಇದ್ದರೆ ಅದೇ ಒಂದು ಸುಳಿವು.

ಬಿಡಿ ಸಕ್ಕರೆ ಅಳೆಯಲು ಡಿಆಕ್ಸಿಕೋಲೇಟ್ ಹಾಕಿ, ಆಮ್ಲ ಹಾಕಿ, ಪ್ರೋಟೀನನ್ನು ತಳಕ್ಕೆ ಇಳಿಸುತ್ತೇವಲ್ಲ? ಕೂಡಿದ ಸಕ್ಕರೆ ಪ್ರೋಟೀನಿನ ಜೊತೆ ಇಳಿಯುತ್ತದೆ, ಬಿಡಿ ಸಕ್ಕರೆ ಮೇಲಿನ ತಿಳಿಯಲ್ಲಿ ಉಳಿಯುತ್ತದೆ ಅನ್ನುವುದು ನಂಬಿಕೆ. ನಂಬಿಕೆಯನ್ನು ಪರೀಕ್ಷಿಸಿ. ಸ್ಯಾಂಪಲ್ಲಿಗೆ ಗೊತ್ತಿರುವಷ್ಟು ಶುದ್ಧ ವಿಐ ಬೆರೆಸಿ, ಅದೇ ಪ್ರಮಾಣ ತಿಳಿಯಲ್ಲಿ ವಾಪಸ್ ಸಿಗುತ್ತದಾ ನೋಡಿ. ಅರ್ಧವೇ ಸಿಕ್ಕರೆ, ಬಿಡಿ ಸಕ್ಕರೆಯ ಒಂದು ಪಾಲು ಪ್ರೋಟೀನಿಗೆ ಅಂಟಿ ತಳಕ್ಕೆ ಹೋಗುತ್ತಿದೆ. ಅಂದರೆ ನಿಮ್ಮ ಬ್ಯಾಚ್ ನೀವು ಅಂದುಕೊಂಡದ್ದಕ್ಕಿಂತ ಕೆಟ್ಟದಾಗಿದೆ. ಉಲ್ಟಾ ದಿಕ್ಕಿನಲ್ಲೂ ಆಗಬಹುದು. ಪ್ರೋಟೀನ್ ಪೂರ್ತಿ ಇಳಿಯದೆ ತಿಳಿಯಲ್ಲಿ ಉಳಿದರೆ ಕೂಡಿದ ಸಕ್ಕರೆಯೂ ಬಿಡಿ ಲೆಕ್ಕಕ್ಕೆ ಸೇರುತ್ತದೆ. ತಿಳಿಯ 280 ಓದಿದರೆ ಅದು ಗೊತ್ತಾಗುತ್ತದೆ.

ಇಡಿಸಿ, ಬಫರ್, ಮತ್ತು ಅಡಗಿ ಕೂತ ಅಮೈನ್

ಇಷ್ಟೆಲ್ಲ ಸರಿ ಇದ್ದರೆ ಮಾತ್ರ ಇಡಿಸಿ ಮೇಲೆ ಕಣ್ಣು ಹಾಕಿ. ಅದು ತೇವ ಹೀರುವ ಪುಡಿ. ಮೈನಸ್ 20ರಿಂದ ತೆಗೆದ ಬಾಟಲಿಯನ್ನು ತಣ್ಣಗಿರುವಾಗಲೇ ತೆರೆದರೆ ಒಳಗೆ ನೀರು ಕಟ್ಟುತ್ತದೆ, ಮುಂದಿನ ತಿಂಗಳ ಹೊತ್ತಿಗೆ ಪುಡಿ ಗಂಟಾಗಿರುತ್ತದೆ. ಕೋಣೆಯ ಉಷ್ಣತೆಗೆ ಬಂದ ಮೇಲೆ ತೆರೆಯಿರಿ, ಗ್ಲೌಸ್ ಹಾಕಿಕೊಂಡು. ಕೆಲವರ ಚರ್ಮಕ್ಕೆ ಇದು ಆಗಿಬರುವುದಿಲ್ಲ. ಪಿಎಚ್ 5ರ ನೀರಿನಲ್ಲಿ ಇಡಿಸಿ ಕೆಲವೇ ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ತೂಗಿ, ಕರಗಿಸಿ, ತಕ್ಷಣ ಹಾಕಿ. ಬೆಳಿಗ್ಗೆ ಕರಗಿಸಿಟ್ಟ ಸ್ಟಾಕ್ ಸಂಜೆಗೆ ಬೇಡ. ಹೊಸ ಬಾಟಲಿಯೊಂದಿಗೆ ಒಂದು ಸಣ್ಣ ಟ್ಯೂಬ್ ಪಕ್ಕದಲ್ಲಿಟ್ಟರೆ ಈ ಪ್ರಶ್ನೆ ಒಂದೇ ದಿನದಲ್ಲಿ ತೀರುತ್ತದೆ.

ಬಫರ್ ಮೆಸ್ (MES) ಆಗಿರಲಿ. ಅಸಿಟೇಟ್‌ನಲ್ಲಿ ಕಾರ್ಬಾಕ್ಸಿಲ್ ಇದೆ, ಟ್ರಿಸ್‌ನಲ್ಲಿ ಅಮೈನ್ ಇದೆ, ಫಾಸ್ಫೇಟ್ ಇಡಿಸಿಯನ್ನು ಬೇಗ ಸಾಯಿಸುತ್ತದೆ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಬರುವ ಅಮೈನ್ ಇನ್ನೊಂದಿದೆ. ಟಿಟಿಯನ್ನು ಅಮೋನಿಯಂ ಸಲ್ಫೇಟ್‌ನಿಂದ ಇಳಿಸಿದ್ದರೆ ಅಮೋನಿಯಾ ಉಳಿದಿರುತ್ತದೆ. ಗ್ಲೈಸಿನ್ ಹಾಕಿ ಇಟ್ಟಿದ್ದರೆ ಗ್ಲೈಸಿನ್ ಇರುತ್ತದೆ. ಎರಡೂ ವಿಐಯ ಕಾರ್ಬಾಕ್ಸಿಲ್ ಮೇಲೆ ಹೋಗಿ ಕೂರುತ್ತವೆ. ಸರಬರಾಜು ಮಾಡಿದವರ ಕಾಗದದಲ್ಲಿ ಟಿಟಿ ಯಾವ ದ್ರಾವಣದಲ್ಲಿದೆ ಅಂತ ಓದಿ.

ಜೆಲ್ ಆದರೆ

ಒಂದು ವಿಐ ಸರಪಳಿಯಲ್ಲಿ ನೂರಾರು ಕಾರ್ಬಾಕ್ಸಿಲ್. ಒಂದು ಟಿಟಿ ಮೇಲೆ ಹತ್ತಾರು ಹೈಡ್ರಜೈಡ್. ಎರಡೂ ಕಡೆ ಹಿಡಿಯುವ ಕೈಗಳು ಹೀಗೆ ಜಾಸ್ತಿ ಇದ್ದಾಗ ಬಲೆ ಕಟ್ಟುವುದು ಸಹಜ. ಜೆಲ್ ಆಯಿತು ಅಂದರೆ ರಸಾಯನಕ್ರಿಯೆ ಸೋತಿಲ್ಲ, ಅತಿಯಾಗಿ ಗೆದ್ದಿದೆ. ಮೊದಲು ಇಡಿಸಿ ಇಳಿಸಿ, ಆಮೇಲೆ ಸಮಯ ಇಳಿಸಿ. ಅರ್ಧ ಗಂಟೆಗೊಮ್ಮೆ ಸ್ವಲ್ಪ ತೆಗೆದು ಪಿಎಚ್ 7.2ರ ಫಾಸ್ಫೇಟ್‌ಗೆ ಸುರಿದು ನಿಲ್ಲಿಸಿ, ಕಾಲಮ್ಮಿನಲ್ಲಿ ನೋಡಿ. ಪೀಕ್ ಸರಿದು ನಿಂತ ಮೇಲೂ ಕಾಯುವುದಕ್ಕೆ ಅರ್ಥವಿಲ್ಲ. ಟಿಟಿ ಮೇಲಿನ ಎಡಿಎಚ್ ಸಂಖ್ಯೆ ಇಳಿಸುವುದೂ ಒಳ್ಳೆಯದು. ಇಷ್ಟಕ್ಕೂ ಬಗ್ಗದಿದ್ದರೆ ವಿಐಯನ್ನು ಸೋನಿಕೇಶನ್‌ನಿಂದಲೋ ಬೇರೆ ರೀತಿಯಲ್ಲೋ ತುಂಡು ಮಾಡಿ ಬಳಸಿ. ಗಿಡ್ಡ ಸರಪಳಿಯಿಂದ ದ್ರಾವಣವೂ ತೆಳ್ಳಗಿರುತ್ತದೆ.

ಇಡಿಸಿ ಸುರಿಯಬೇಡಿ ಅಂದಿದ್ದಕ್ಕೆ ಇನ್ನೊಂದು ಕಾರಣ ಇದೆ. ಇಡಿಸಿ ಜಾಸ್ತಿ ಇದ್ದು ಹತ್ತಿರದಲ್ಲಿ ಹೈಡ್ರಜೈಡ್ ಇಲ್ಲದಿದ್ದರೆ, ಚುರುಕಾದ ಕಾರ್ಬಾಕ್ಸಿಲ್ ತನ್ನೊಳಗೇ ಮರುಜೋಡಣೆಯಾಗಿ ಎನ್-ಅಸೈಲ್‌ಯೂರಿಯಾ ಆಗಿಬಿಡುತ್ತದೆ. ಅದು ಮತ್ತೆ ಬಿಡಿಸಿಕೊಳ್ಳುವುದಿಲ್ಲ. ಅಂದರೆ ಇಡಿಸಿಯ ಚೂರು ವಿಐಗೆ ಕಾಯಂ ಆಗಿ ಅಂಟಿಕೊಳ್ಳುತ್ತದೆ, ಆ ಕಾರ್ಬಾಕ್ಸಿಲ್ ಇನ್ನು ಯಾವ ಕೆಲಸಕ್ಕೂ ಬರುವುದಿಲ್ಲ.

ಎಲ್ಲ ಸರಿ, ಇಲಿ ಮಾತ್ರ ಒಪ್ಪುತ್ತಿಲ್ಲ

ಕಾಲಮ್ ಚೆನ್ನಾಗಿದೆ, ಬಿಡಿ ಸಕ್ಕರೆ ಕಡಿಮೆ, ಆದರೂ ಇಲಿಯ ಸೀರಮ್ಮಿನಲ್ಲಿ ವಿಐ ಪ್ರತಿಕಾಯ ಇಲ್ಲ. ಇಲಿಯನ್ನು ಬೈಯುವ ಮೊದಲು ಪ್ರತಿಕಾಯ ಅಳೆಯುವ ಎಲೈಸಾ ಪ್ಲೇಟ್ ನೋಡಿ. ಇಷ್ಟು ಋಣ ಅಂಶ ಇರುವ ಸಕ್ಕರೆ ಸಾದಾ ಪ್ಲೇಟಿಗೆ ಸರಿಯಾಗಿ ಅಂಟುವುದಿಲ್ಲ. ಮೊದಲು ಪಾಲಿ-ಎಲ್-ಲೈಸಿನ್ ಬಳಿದು ಮೇಲೆ ವಿಐ ಹಾಕಿ. ವಿಐಗೆ ಒಪ್ಪುವ ಗೊತ್ತಿರುವ ಸೀರಮ್ ಒಂದನ್ನು ಪ್ರತಿ ಪ್ಲೇಟಿನಲ್ಲೂ ಓಡಿಸಿ.

ಪ್ಲೇಟ್ ಸರಿ ಇದ್ದರೆ ಓ-ಅಸಿಟೈಲ್ ನೋಡಿ. ವಿಐಯ ಗುರುತೇ ಆ ಅಸಿಟೈಲ್. ಅದು ಉದುರಿದರೆ ಸರಪಳಿ ಇರುತ್ತದೆ, ತೂಕ ಇರುತ್ತದೆ, ಆದರೆ ಟೈಫಾಯ್ಡ್ ಬ್ಯಾಕ್ಟೀರಿಯಾದ ಮುಖ ಇರುವುದಿಲ್ಲ. ಉದುರಿಸುವುದು ಕ್ಷಾರ ಮತ್ತು ಬಿಸಿ. ಪಿಎಚ್ ಸರಿಮಾಡುವಾಗ ಸೋಡಿಯಂ ಹೈಡ್ರಾಕ್ಸೈಡನ್ನು ದೊಡ್ಡ ಹನಿಯಲ್ಲಿ, ಕಲಕದೆ ಬಿಟ್ಟಿದ್ದರೆ ಆ ಜಾಗದಲ್ಲಿ ಒಂದು ಕ್ಷಣ ಪಿಎಚ್ 12 ದಾಟಿರುತ್ತದೆ. ಮೀಟರ್ ಅದನ್ನು ತೋರಿಸುವುದಿಲ್ಲ. ಹೆಸ್ಟ್ರಿನ್ ಪರೀಕ್ಷೆ ಮಾಡಿ: ಕ್ಷಾರದ ಹೈಡ್ರಾಕ್ಸಿಲಮೈನ್, ಆಮ್ಲ, ಫೆರಿಕ್ ಕ್ಲೋರೈಡ್, 540 ನ್ಯಾನೋಮೀಟರ್, ಅಸಿಟೈಲ್‌ಕೋಲಿನ್ ಸ್ಟ್ಯಾಂಡರ್ಡ್. ವಿಶ್ವ ಆರೋಗ್ಯ ಸಂಸ್ಥೆ ಶುದ್ಧ ವಿಐಗೆ ಕೇಳುವುದು ಗ್ರಾಂಗೆ ಕನಿಷ್ಠ 2.0 ಮಿಲಿಮೋಲ್. ಎಲ್ಲ ಘಟಕಗಳಲ್ಲೂ ಅಸಿಟೈಲ್ ಇದ್ದರೆ, ಸೋಡಿಯಂ ಲವಣದ ಲೆಕ್ಕದಲ್ಲಿ, 3.5ರ ಆಸುಪಾಸು ಬರಬೇಕು. ಎನ್‌ಎಂಆರ್ ಕೈಗೆಟುಕಿದರೆ ಇನ್ನೂ ಒಳ್ಳೆಯದು. ಟ್ಯೂಬಿಗೇ ಸೋಡಿಯಂ ಡ್ಯುಟರಾಕ್ಸೈಡ್ ಹಾಕಿ ಅಸಿಟೈಲ್ ಉದುರಿಸಿ, 1.9 ಪಿಪಿಎಂನ ಅಸಿಟೇಟ್ ಪೀಕನ್ನು ಎನ್-ಅಸಿಟೈಲ್ ಪೀಕಿಗೆ ಹೋಲಿಸಿ. ಒಂದಕ್ಕೊಂದು ಸಮ ಇದ್ದರೆ ಏನೂ ಉದುರಿರಲಿಲ್ಲ. ಒಂದು ಎಚ್ಚರಿಕೆ: ಸ್ಯಾಂಪಲ್ಲಿನಲ್ಲಿ ಅಸಿಟೇಟ್ ಬಫರ್ ಉಳಿದಿದ್ದರೆ ಅದೂ ಅಲ್ಲೇ ಕೂರುತ್ತದೆ. ಕ್ಷಾರ ಹಾಕುವ ಮೊದಲೊಮ್ಮೆ ಸ್ಪೆಕ್ಟ್ರಮ್ ತೆಗೆಯಿರಿ.

ಹೊಸ ಲಾಟ್ ಬಂದ ಮೇಲೆ ಶುರುವಾದ ತೊಂದರೆ

ವಿಧಾನ ಅದೇ, ಕೈ ಅದೇ, ಲಾಟ್ ಬದಲಾದ ಮೇಲೆ ಕೆಟ್ಟಿದೆ ಅಂತಾದರೆ ಎರಡು ಕಡೆ ನೋಡಿ. ವಿಐಯನ್ನು ಶುದ್ಧ ಮಾಡುವಾಗ ಸೆಟಾವ್ಲಾನ್ ಹಾಕಿ ತಳಕ್ಕೆ ಇಳಿಸುತ್ತಾರೆ. ಅದು ಧನ ಅಂಶದ ಸೋಪು. ಸರಿಯಾಗಿ ತೊಳೆಯದಿದ್ದರೆ ವಿಐ ಪೂರ್ತಿ ಕರಗುವುದಿಲ್ಲ, ಅಲುಗಿಸಿದರೆ ನೊರೆ ಬರುತ್ತದೆ. ಇನ್ನೊಂದು, ಟಿಟಿ. ಟಾಕ್ಸಾಯ್ಡ್‌ನಲ್ಲಿ ಮೊನೊಮರ್ ಜೊತೆ ಡೈಮರ್, ಅದಕ್ಕೂ ದೊಡ್ಡ ಗಂಟುಗಳು ಇದ್ದೇ ಇರುತ್ತವೆ, ಅವುಗಳ ಪಾಲು ಲಾಟಿನಿಂದ ಲಾಟಿಗೆ ಬೇರೆ. ಹೊಸ ಟಿಟಿಯನ್ನು ಎಡಿಎಚ್ ಕೂರಿಸುವ ಮೊದಲೇ ಕಾಲಮ್ಮಿಗೆ ಬಿಟ್ಟು ಚಿತ್ರ ಇಟ್ಟುಕೊಳ್ಳಿ. ಗಂಟು ಜಾಸ್ತಿ ಇದ್ದರೆ ಮೊನೊಮರ್ ಭಾಗವನ್ನಷ್ಟೇ ಬೇರ್ಪಡಿಸಿ ಬಳಸಿ. ಹಾಗೆಯೇ ವಿಐ ಪುಡಿ ತೇವ ಹೀರುತ್ತದೆ. ತೂಕ ನಂಬಬೇಡಿ, ಕರಗಿಸಿದ ಮೇಲೆ ಅಳೆದದ್ದನ್ನು ನಂಬಿ.

ಕೊನೆಯ ಫಿಲ್ಟರ್

0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಮಾಲು ಕಳೆದುಹೋದರೆ, ಮೊದಲು ಪ್ರೋಟೀನ್ ಮತ್ತು ವಿಐ ಎರಡನ್ನೂ ಫಿಲ್ಟರ್‌ನ ಹಿಂದೆ ಮುಂದೆ ಅಳೆಯಿರಿ. ಎರಡೂ ಒಂದೇ ಪ್ರಮಾಣದಲ್ಲಿ ಕಡಿಮೆಯಾಗಿದ್ದರೆ ಕಂಜುಗೇಟೇ ತೀರ ದೊಡ್ಡದಾಗಿದೆ, ಜೆಲ್ ಭಾಗದಲ್ಲಿ ಹೇಳಿದ್ದನ್ನು ಮಾಡಿ. ಪ್ರೋಟೀನ್ ಮಾತ್ರ ಕಡಿಮೆಯಾಗಿದ್ದರೆ ಸಿಕ್ಕಿಹಾಕಿಕೊಂಡಿದ್ದು ಟಿಟಿ ಗಂಟು, ಮೂರನೆಯ ಟ್ಯೂಬಿಗೆ ವಾಪಸ್ ಹೋಗಿ. ವಿಐ ಮಾತ್ರ ಕಡಿಮೆಯಾಗಿದ್ದರೆ ಉದ್ದ ಸರಪಳಿಯ ಬಿಡಿ ಸಕ್ಕರೆ ಅಲ್ಲಿ ನಿಂತಿದೆ. ಆಗ ಫಿಲ್ಟರ್ ಬದಲಿಸಿ ಪ್ರಯೋಜನ ಇಲ್ಲ. ಫಿಲ್ಟರ್‌ಗೆ ಮುಂಚಿನ ಕಾಲಮ್ಮಿನಲ್ಲಿ ಕಂಜುಗೇಟ್‌ನಿಂದ ಬಿಡಿ ಸಕ್ಕರೆ ಬೇರೆಯಾಗುತ್ತಿಲ್ಲ. ಫ್ರಾಕ್ಷನ್‌ಗಳನ್ನು ಇನ್ನೂ ಸಣ್ಣದಾಗಿ ಹಿಡಿಯಿರಿ, ಒಂದೊಂದರಲ್ಲೂ ಪ್ರೋಟೀನ್ ಮತ್ತು ವಿಐ ಎರಡನ್ನೂ ಅಳೆಯಿರಿ, ಪ್ರೋಟೀನಿಗೆ ವಿಐ ಎಷ್ಟು ಅನ್ನುವ ಅನುಪಾತ ಏರಲು ಶುರುವಾದ ಕಡೆಯಿಂದ ಮುಂದಿನ ಟ್ಯೂಬ್‌ಗಳನ್ನು ಬೇರೆ ಇಡಿ.